ಕೊಸರು

ಉಸ್ಮಾನಗಂಜಿನ ನಮ್ಮ ಅಂಗಡಿಯಲ್ಲಿ
ಎಪ್ಪತ್ತೆರಡು ಡಬ್ಬಿ, ಒಂದಕ್ಕೂ ಹೆಸರಿಲ್ಲ.
ಮೂಗಿನಿಂದ ಓದಬೇಕು.
ಇದು ಬಜೆ, ಇದು ಅಳಲೆಕಾಯಿ,
ಇದು ಜೇಷ್ಠಮಧು, ಇಲಿ ಬಂದರೆ ಮೊದಲು ಇದಕ್ಕೇ ಬಾಯಿ ಹಾಕುತ್ತದೆ,
ಎಂದು ಕಲಿಸಿದ ಅಪ್ಪ
ಎರಡನೇ ಸಾಲಿನ ಮೂಲೆಯ ಡಬ್ಬಿಗೆ ಬಂದಾಗ
"ಅದು ಹೆಣ್ಮಕ್ಕಳದು" ಎಂದು
ರಸ್ತೆ ಕಡೆ ನೋಡುತ್ತಿದ್ದ.

ಹೆಣ್ಣುಮಕ್ಕಳು ಬರುತ್ತಿರಲಿಲ್ಲ.
ಬರುತ್ತಿದ್ದುದು ಚೀಟಿ, ಇಲ್ಲಾ ಸಿಂಬಳದ ಹುಡುಗ,
ಮುಷ್ಟಿಯಲ್ಲಿ ಬೆವೆತ ನಾಣ್ಯ:
"ಹೊಟ್ಟಿನೋವಿನ ಪುಡಿ ಕೊಡಬೇಕಂತ."
ಯಾರ ಹೊಟ್ಟೆ, ಎಂಥ ನೋವು,
ಅಪ್ಪ ಕೇಳುತ್ತಿರಲಿಲ್ಲ.
ಅಜವಾನ, ಸಬ್ಬಸಗಿ ಬೀಜ, ಒಣಶುಂಠಿ,
ಮುಳ್ಳಿನ ನಡುವೆ ಬೆರಳು ತೂರಿಸಿ ಬಿಡಿಸಿದ
ಕುಸುಬಿ ಹೂವಿನ ಕೆಂಪು ಎಸಳು,
ಹಳೇ ಪಂಚಾಂಗದ ಹಾಳೆಯಲ್ಲಿ ಮಡಚಿ
ದಾರ ಎರಡು ಸುತ್ತು.
ತಕ್ಕಡಿ ಸಮ ನಿಂತ ಮೇಲೂ
ಒಂದು ಚಿಟಿಕೆ ಮೇಲೆ. ಕೊಸರು.
ವೈಜನಾಥಪ್ಪನ ಕೈ ದೊಡ್ಡದು, ಎನ್ನುತ್ತಿತ್ತು ಗಂಜು.

ಅಪ್ಪ ಹೋದ ಮೇಲೆ ಗಲ್ಲಾದ ಮುಂದೆ ನಾನು ಕೂತೆ.
ಹದಿನೈದು ದಿನ ಯಾರೂ ಬರಲಿಲ್ಲ.
ಆಮೇಲೆ ಬಂದವರು ಹೋಗಲೇ ಇಲ್ಲ.

ಗುಂಪಾದ ಪುತಳಾಬಾಯಿ ಕಟ್ಟೆಗೆ ಒರಗಿ,
"ತೊಡಿ ಸೀಳಿದಂಗ ಆಗ್ತದ ತಾಯಿ,
ಎರಡು ದಿನ ನಾ ಮನಷ್ಯಾಳೇ ಅಲ್ಲ."
ಬಿದರಿ ಹೂಜಿಗೆ ಬೆಳ್ಳಿತಂತಿ ಕೂಡಿಸುವ ಶಾಹೀನ,
"ಕೈ ನಡುಗಿ ಬಳ್ಳಿ ಸೊಟ್ಟ ಆಗ್ತದ ನೋಡ್ರಿ,
ಯಜಮಾನ ಬೈತಾನ."
ಚಿದ್ರಿ ಶಾಲೆಯ ಟೀಚರು
ಬೋರ್ಡಿಗೆ ಬೆನ್ನು ಒತ್ತಿ ಇಡೀ ತಾಸು ನಿಂತದ್ದನ್ನು
ಹೇಳಿ ನಕ್ಕಳು, ನಗುತ್ತಲೇ ಸೊಂಟ ಹಿಡಿದುಕೊಂಡಳು.

ನಾನು ಹೇಳುವುದಿಷ್ಟೇ:
ಎರಡು ಲೋಟ ನೀರು ಒಂದಾಗಲಿ, ಬೆಲ್ಲ ಕಡೆಗೆ.
ಬಸಿರಿನ ಅನುಮಾನವಿದ್ದರೆ ಈ ಪುಡಿ ಬೇಡ.
ಮೂರು ತಿಂಗಳಾದರೂ ಹೀಗೇ ಇದ್ದರೆ
ಇಲ್ಲಿಗೆ ಬರಬೇಡ, ದೊಡ್ಡ ದವಾಖಾನೆಗೆ ಹೋಗು.
ಪುಡಿ ನೋವನ್ನು ಓಡಿಸುವುದಿಲ್ಲ.
ಸ್ವಲ್ಪ ಆಚೆ ಸರಿದು ಕೂಡು ಅನ್ನುತ್ತದೆ.

ಒಂದು ಮಧ್ಯಾಹ್ನ, ಅಂಗಡಿ ಹಿಂದಿನ ಮನೆಯಲ್ಲಿ
ಕುಸುಬಿ ಆರಿಸುತ್ತ ಅವ್ವನನ್ನು ಕೇಳಿದೆ:
"ನಿನಗೂ ಇತ್ತೇನು?"
ಮೊರದ ಮೇಲಿನ ಕೈ ನಿಲ್ಲಲಿಲ್ಲ.
"ಸೆರಗು ಹರೀತಿತ್ತು, ಕಚ್ಚಿ ಕಚ್ಚಿ."
"ಮತ್ತ ಅಪ್ಪನ ಹಂತ್ಯಾಕ ಇತ್ತಲ್ಲ ಪುಡಿ?"
"ಕೇಳಬೇಕಲ್ಲ."

ಪಕ್ಕದ ಮನೆಯ ನಸೀಮಾಳ ಕೈಗೆ
ಸಂತೆಯಲ್ಲಿ ಉಳಿಸಿದ ಎರಡು ರೂಪಾಯಿ.
ಅವಳು ಹಿತ್ತಲ ಬಾಗಿಲಿಂದ ಹೊರಟು, ಗಲ್ಲಿ ಸುತ್ತಿ,
ಅಂಗಡಿ ಮುಂದೆ ನಿಂತು, ಯಾರದೋ ಹೊಟ್ಟೆಗೆಂದು ಕೇಳಿ,
ಅದೇ ಗಲ್ಲಿ ಸುತ್ತಿ ಬರುತ್ತಿದ್ದಳು.
ಅವಳು ಮದುವೆಯಾಗಿ ಹುಮನಾಬಾದಿಗೆ ಹೋದ ಮೇಲೆ ಅವಳ ತಮ್ಮ.
ಸಂಜೆ ಅದೇ ರೂಪಾಯಿ
ಅಪ್ಪನ ಅಂಗಿ ಕಿಸೆಯಲ್ಲಿ ಮನೆಗೆ ಬರುತ್ತಿತ್ತು.

"ಅಪ್ಪಗ ಗೊತ್ತಿತ್ತೇನು?"
ಅವ್ವ ಮೊರ ಕೆಳಗಿಟ್ಟಳು.
"ಯಾರಿಗ್ಗೊತ್ತು. ಕೊಸರು ಭಾಳ ಇರತಿತ್ತು.
ಎಲ್ಲಾರಿಗೂ ಹಂಗೇ ಹಾಕತಿದ್ರೇನೋ.
ಬ್ಯಾರೇರ ಪುಡಿ ನಾ ಎಲ್ಲಿ ಬಿಚ್ಚಿ ನೋಡೀನಿ."

ನಿನ್ನೆ ಒಬ್ಬ ಹುಡುಗ, ತಲೆಯ ಮೇಲೆ ಹೆಲ್ಮೆಟ್ಟು ಹಾಗೇ,
ನಾಲ್ಕು ಜನ ಗಂಡಸರ ನಡುವೆ:
"ಅಕ್ಕಾ, ನಮ್ಮಾಕಿ ಮುಟ್ಟಾಗ್ಯಾಳ,
ಹೊಟ್ಟಿ ಭಾಳ ನೋಯಲತ್ತದ, ಏನರ ಕೊಡ್ರಿ."
ಕರ್ಪೂರ ಕೊಳ್ಳುತ್ತಿದ್ದವರು ಕೆಮ್ಮಿದರು.
ಇನ್ನೊಬ್ಬರು ಚಿಲ್ಲರೆ ಎಣಿಸಿದರು, ಮತ್ತೆ ಎಣಿಸಿದರು.

ಮೂಲೆಯ ಡಬ್ಬಿ ಇಳಿಸಿದೆ.
ತಕ್ಕಡಿ ಸಮ ನಿಂತಿತು.
ಒಳಗಿಂದ ಪರದೆ ಸರಿಯಿತು. ಅವ್ವ
ಗಿರಾಕಿಗಳ ಮುಂದೆಯೇ ಹೊರಗೆ ಬಂದು,
ನಾನು ದಾರ ಸುತ್ತುವ ಮೊದಲು
ಬಿಚ್ಚಿದ ಹಾಳೆಯ ಮೇಲೆ ಬಗ್ಗಿದಳು.