ಎಂಟನೆಯ ವಚನದಾಚೆ

ಪರಿಷ್ಕರಣ ಸಮಿತಿಯ ಪತ್ರ ಬಂದು ಹನ್ನೊಂದು ದಿನ.
ಕೇಳಿದ್ದಾರೆ: ಎರಡನೆಯ ಸುವಾರ್ತೆಯ
ಕಡೆಯ ಹನ್ನೆರಡು ವಚನಗಳನ್ನು
ಕಂಸದೊಳಗಿಡುವುದೋ, ಅಡಿಟಿಪ್ಪಣಿಗಿಳಿಸುವುದೋ,
ಇದ್ದಂತೆ ಬಿಡುವುದೋ.
ಅಭಿಪ್ರಾಯ ಒಂದು ಪುಟ ಮೀರದಿರಲಿ.

ಶಿಡ್ಲಘಟ್ಟದಲ್ಲಿ ಒಂದು ಪುಟ ಬರೆಯುವುದು ಸುಲಭವಲ್ಲ.
ಕಿಟಕಿ ತೆರೆದರೆ ಬೆಂದ ಹುಳುವಿನ ವಾಸನೆ,
ಮುಚ್ಚಿದರೆ ಸೆಕೆ.
ಗೋಡೆಯಾಚೆ ಖುತೇಜಾಬಿಯ ಚರಕ
ನಸುಕಿನ ನಾಲ್ಕೂವರೆಗೇ ಗಿರಗಿರ.

ಆ ಬರಹಗಾರನನ್ನು ಬಲ್ಲೆ, ನಲವತ್ತು ವರ್ಷದ ಒಡನಾಟ.
ಆತುರದ ಆಸಾಮಿ. ಗ್ರೀಕು ಅಷ್ಟಕ್ಕಷ್ಟೆ.
ಮಾತು ಮಾತಿಗೂ 'ಕೂಡಲೇ':
ಕೂಡಲೇ ಬಲೆ ಬಿಟ್ಟರು, ಕೂಡಲೇ ಕುಷ್ಠ ಬಿಟ್ಟಿತು,
ಕೂಡಲೇ ಕೋಳಿ ಕೂಗಿತು;
ಬಸ್ಸು ತಪ್ಪೀತೆಂದು ಕಥೆ ಹೇಳುವವನ ಹಾಗೆ.

ಹಾಗೆ ಓಡೋಡಿ ಬಂದವನು
ಸಮಾಧಿಯ ಬಾಯಲ್ಲಿ ನಿಂತುಬಿಟ್ಟ.
ಕಲ್ಲು ಉರುಳಿದೆ. ಹೆಂಗಸರು ನಡುಗುತ್ತ ಹೊರಗೋಡಿದರು,
ಒಬ್ಬರಿಗೂ ಬಾಯಿ ಬಿಡಲಿಲ್ಲ. ಹೆದರಿದ್ದರು.
ಆಮೇಲೊಂದು ಪುಟ್ಟ ಪದ, 'ಯಾಕಂದರೆ' ಎಂಬಂಥದು.
ಗ್ರೀಕಿನಲ್ಲಿ ಅದು ವಾಕ್ಯದ ತಲೆಗೆ ಬರುವಂತಿಲ್ಲ,
ಇಲ್ಲಿ ಬಾಲಕ್ಕೆ ಬಂದು ಕೂತಿದೆ.

ಅಂಥ ಪದದ ಮೇಲೆ ಪುಸ್ತಕ ಮುಗಿದೀತೇ?
ಪಂಡಿತರ ಜಗಳ ಇನ್ನೂ ಮುಗಿದಿಲ್ಲ.
ಕೊನೆಯ ಹಾಳೆ ಹರಿದುಹೋಯಿತೋ,
ಬರೆಯುವವನ ಕದವನ್ನು ಯಾರಾದರೂ ತಟ್ಟಿದರೋ.
ನಮ್ಮ ಕಡೆಯ ಮಾತಿಗೆ ಅದು ತೊಡಕೇ ಅಲ್ಲ.
ಕತ್ತಲಲ್ಲಿ ಓಡಿಬಂದ ಹುಡುಗಿಯನ್ನು ಯಾಕೇ ಎಂದು ಕೇಳಿ:
ಹೆದರಿಕೆ ಆಯ್ತು, ಅದ್ಕೇ.
ಆ 'ಅದ್ಕೇ'ಯ ಆಚೆ ಏನೂ ಇರುವುದಿಲ್ಲ.
ಏದುಸಿರು ಮಾತ್ರ.

ಹಳೆಯ ಎರಡು ತೊಗಲ ಪ್ರತಿಗಳೂ ಅಲ್ಲಿಗೇ ನಿಲ್ಲುತ್ತವೆ.
ಮುಂದಿನ ಹನ್ನೆರಡರಲ್ಲಿ ಹುಡುಕಿದರೂ
ಒಂದು 'ಕೂಡಲೇ' ಇಲ್ಲ.
ನಡಿಗೆ ಬೇರೆ. ಮತ್ತಾರದೋ ಕೈ.

ಖುತೇಜಾಬಿಗೆ ಹೇಳಿದೆ, ಹೀಗೊಂದು ಫಜೀತಿ ಎಂದು.
ಬಿಸಿನೀರಿನಿಂದ ಬೆರಳು ತೆಗೆಯದೆಯೇ ನಕ್ಕಳು:
"ಎಳೆ ಕಡಿದ್ರೆ ಗಂಟು ಹಾಕ್ತೀವಿ ಸಾರ್.
ಕಣ್ಣಿಗೆ ಕಾಣಲ್ಲ, ಬೆರಳಿಗೆ ಗೊತ್ತಾಗುತ್ತೆ.
ಗಂಟೇ ಇಲ್ಲದ ಸೀರೆ ಯಾವೂರಲ್ಲಿದೆ?"
ಒಂದು ತೂತುಗೂಡನ್ನು ನನ್ನತ್ತ ಎಸೆದಳು.
"ಇದು ದಂಡ. ಚಿಟ್ಟೆ ಎದ್ದುಹೋಗಿದೆ, ನೂಲು ಬರಲ್ಲ."

ಆ ಖಾಲಿ ಗೂಡು ಈಗ ನಿಘಂಟಿನ ಮೇಲಿದೆ,
ಹಗುರ, ಹಾಳೆ ಹಾರದಂತೆ ತಡೆಯಲೂ ಆಗದಷ್ಟು.

ಕಂಸದೊಳಗಿಡಿ ಎಂದು ಬರೆದು ಕೈತೊಳೆಯಬಹುದಿತ್ತು.
ಆದರೆ ಆ ಹನ್ನೆರಡರಲ್ಲಿ ಒಂದು ಅಮ್ಮನದು.
ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆಯ ಆಯಾ
ಸುಬೋಧಮ್ಮ ಅಕ್ಷರ ಕಲಿತವಳಲ್ಲ.
ರೋಗಿಗಳ ಮೇಲೆ ಕೈಯಿಟ್ಟರೆ ಗುಣವೆಂಬುದನ್ನು
ಪಾದ್ರಿಯ ಬಾಯಿಂದ ಒಮ್ಮೆ ಕೇಳಿದ್ದಳು, ಅಷ್ಟೆ.
ಮೂವತ್ತೊಂದು ವರ್ಷ
ಬೆಡ್‌ಪ್ಯಾನ್ ತೊಳೆದ ಕೈಯನ್ನು ಸೆರಗಿಗೊರೆಸಿಕೊಂಡು
ವಾರ್ಡಿನ ಕೊನೆಯ ಮಂಚದ ತನಕ ನಡೆದಳು.
ಕೆಲವರು ಎದ್ದರು. ಬಹಳ ಮಂದಿ ಏಳಲಿಲ್ಲ.
ಕೈ ಮಾತ್ರ ಎಲ್ಲರಿಗೂ ಸಿಕ್ಕಿತು.

ಅವಳಿಗೆ ಹೇಗೆ ಹೇಳಲಿ,
ಅಮ್ಮಾ, ನೀನು ಹಿಡಿದದ್ದು ಎಳೆಯಲ್ಲ, ಗಂಟು ಎಂದು?

ಕಡೆಗೆ ಸಮಿತಿಗೆ ಬರೆದೆ:
ಎಂಟರ ನಂತರ ಒಂದು ಸಾಲು ಖಾಲಿ ಬಿಡಿ.
ಕಂಸ ಹಾಕಿ.
ಒಳಗಿನ ಅಕ್ಷರ ಸಣ್ಣದು ಮಾಡಬೇಡಿರೆಂದು
ಅಚ್ಚಿನವರಿಗೆ ತಾಕೀತು ಮಾಡಿ.

'ಕಾರಣಗಳು' ಎಂಬ ಚೌಕ ತುಂಬದೆಯೇ
ಲಕೋಟೆ ಅಂಟಿಸಿದ್ದೇನೆ.
ಹೆದರಿಕೆ ಆಯ್ತು, ಅದ್ಕೇ