ಟಾಕಿ ನಂಬರ್ ನಾಲ್ಕು

ಬೆಳಗಾವಿ ಮುಗಿದು ಬಾಸುಮತಿ ಗದ್ದೆ ಸುರುವಾಗುವಲ್ಲಿ
ದಂಡಿನವರ ತಂತಿಬೇಲಿ. ಅದರೊಳಗೆ
ಮೂರು ಹುಲ್ಲುದಿಬ್ಬ. ದೂರದಿಂದ ನೋಡಿದರೆ
ಯಾರೋ ಹಿರಿಯರ ಸಮಾಧಿ ಅನ್ನಬೇಕು, ಹಾಗೆ.
ಕೆಳಗೆ ಮೂರು ಟಾಕಿ, ತುಂಬ ಡೀಸೆಲ್.

ದಿನಾ ಬೆಳಿಗ್ಗೆ ಆರಕ್ಕೆ ಲಗಮಣ್ಣ
ಹಿತ್ತಾಳೆ ಕೋಲಿನ ತುದಿಗೆ ಮುಲಾಮು ಸವರಿ ಇಳಿಬಿಡುತ್ತಾನೆ.
ಎಣ್ಣೆ ಮುಟ್ಟಿದರೆ ಮುಲಾಮು ಸುಮ್ಮನಿರುತ್ತದೆ,
ನೀರು ಮುಟ್ಟಿದರೆ ಕೆಂಪಾಗುತ್ತದೆ.
ಮೂರನೆಯದರಲ್ಲಿ ಒಂದು ಮಳೆಗಾಲ
ಎರಡು ಬೆರಳು ಕೆಂಪು ಬಂತು.
"ಸಾಹೇಬ್ರ, ಒಳಗ ನೀರು ಬರಾಕ ದಾರಿ ಐತಿ ಅಂದ್ರ
ಹೊರಗ ಎಣ್ಣಿ ಹೋಗಾಕೂ ಐತಿ."
ಇಷ್ಟನ್ನೇ ನಾನು ಹದಿನೇಳು ಪುಟ ಬರೆದೆ.

ಪುಣೆಯಿಂದ ಕಡತ ತಿರುಗಿ ಬಂತು:
ಟಾಕಿಯ ಆಯುಷ್ಯ ಮೂವತ್ತು ವರ್ಷ, ಈಗ ಇಪ್ಪತ್ತೊಂಬತ್ತು,
ಅವಸರವೇನು?
ಮರುವರ್ಷ ಬಂತು: ಆಯುಷ್ಯ ಮುಗಿದ ಟಾಕಿಗೆ
ದುರಸ್ತಿ ಯಾಕೆ?
ಹೊಸತಕ್ಕೆ ಬರೆದೆ. ಹೊಸತರ ಮಂಜೂರಿ ದಿಲ್ಲಿಯದು.
ದಿಲ್ಲಿಗೆ ಹೋದದ್ದು ದಿಲ್ಲಿಯಲ್ಲೇ ಇದೆ.

ಮಾರ್ಚ್ ಇಪ್ಪತ್ತೆಂಟಕ್ಕೆ ದುಡ್ಡು ಬಂತು ನೋಡಿ,
ಮೂರು ದಿನದಲ್ಲಿ ಖರ್ಚಾಗದಿದ್ದರೆ ವಾಪಸ್ಸು.
ಲೆಕ್ಕದ ಶಕುಂತಲಾ ಕುಡಚಿ ಕನ್ನಡಕ ಒರೆಸುತ್ತ ಹೇಳಿದರು:
"ಇದು ಬಣ್ಣದ ಬಾಬ್ತು. ತೂತಿನ ಬಾಬ್ತು ಬ್ಯಾರೆ."
ಬಳಿದೆವು. ಕೊಳವೆ, ಏಣಿ, ಮುಚ್ಚಳ, ಗೇಟು,
ಗೇಟಿನ ಪಕ್ಕದ ಕಲ್ಲಿಗೂ ಬಿಳಿ, ಕೆಂಪು, ಬಿಳಿ.
ವೆಲ್ಡರ್ ದಸ್ತಗೀರ ನೆರಳಲ್ಲಿ ಕೂತು
ಬ್ರಷ್ಷುಗಳನ್ನೇ ನೋಡುತ್ತಿದ್ದ.
ದಿಬ್ಬದ ಮೇಲಿನ ಮೂರರ ಅಂಕಿ ಎಷ್ಟು ಚೆಂದ ಬಂತೆಂದರೆ
ದೊಡ್ಡ ಸಾಹೇಬರು ಅದರ ಮುಂದೆ ನಿಂತು
ಫೋಟೋ ತೆಗೆಸಿಕೊಂಡರು.

ಜೂನಿನಲ್ಲಿ ಬೇಲಿಯಾಚೆಯ ಬಾಳವ್ವ ಬಂದಳು,
ಪಹರೆಯವನ ಸಂಗಡ ಜಗಳಾಡಿ, ಬಾಟಲಿ ಹಿಡಿದು.
ಮೇಜಿನ ಮೇಲೆ ಕುಟ್ಟಿ ಇಟ್ಟಳು.
"ನಮ್ಮ ಬಾವಿ ನೀರ. ಮೂಸಿ ನೋಡ್ರಿ.
ಎಮ್ಮಿ ಸುದ್ದಾ ಮಾರಿ ತಿರುವ್ಯಾವು."
ಬೇರೆ ಮಾತಾಡಲಿಲ್ಲ. ಕೂಡಲೂ ಇಲ್ಲ.

ಬಾಟಲಿಯನ್ನೇ ಕಡತಕ್ಕೆ ಲಗತ್ತಿಸಿದೆ.
ರವಾನೆ ವಿಭಾಗದ ಹುಡುಗ ತಲೆ ಕೆರೆದುಕೊಂಡ:
ದ್ರವ ಕಳಿಸಲು ನಮೂನೆ ಇಲ್ಲ ಸರ್.
ಕಿಟಕಿಯಲ್ಲಿಟ್ಟೆ. ಬಿಸಿಲಿಗೆ ಮೇಲೊಂದು ತೆಳು ಕೆನೆ
ಹಸಿರು, ನೇರಳೆ ಹೊರಳುತ್ತಿತ್ತು.

ಮರುದಿನ ಲಗಮಣ್ಣ ಎಂದಿನಂತೆ
ಒಂದು, ಎರಡು, ಮೂರು ಅಳೆದು ಬಂದ.
ಬಾಟಲಿಯೆದುರು ನಿಂತ. ಕೋಲು ಹಿಡಿಸದು;
ಕಿರುಬೆರಳು ಅದ್ದಿದ, ಮೂಸಿದ, ಪ್ಯಾಂಟಿಗೆ ಒರೆಸಿಕೊಂಡ.
ರಿಜಿಸ್ಟರಿನಲ್ಲಿ ಹೊಸ ಗೆರೆ ಎಳೆದು
ದುಂಡಗೆ ಬರೆದ:
ಟಾಕಿ ನಂಬರ್ ನಾಲ್ಕು.
ಎಣ್ಣೆ, ಕೂದಲೆಳೆಯಷ್ಟು. ಉಳಿದದ್ದು ನೀರು.

ನಾನು ಸಹಿ ಹಾಕಿದೆ.