ಸುಮಾರು

ವೇದಾವತಿಯಲ್ಲಿ ಇವತ್ತು ನೀರಿಲ್ಲ.
ನನ್ನ ಪರದೆಯ ಮೇಲೆ ಮಾತ್ರ ಅವಳು
ಬೆಳಿಗ್ಗೆಯಿಂದ ಐನೂರು ಸಲ ಹರಿದಿದ್ದಾಳೆ,
ಒಂದು ಸಲ ಹರಿದ ಹಾಗೆ ಇನ್ನೊಂದು ಸಲ ಇಲ್ಲ.

ಹಿರಿಯೂರಿನ ಕಚೇರಿ, ಮೊದಲ ಮಹಡಿ.
ಫ್ಯಾನಿನ ಗಾಳಿಗೆ ನಕ್ಷೆ ಏಳುತ್ತದೆ,
ಚಳ್ಳಕೆರೆ ತಾಲ್ಲೂಕಿನ ಮೇಲೆ ಟೀ ಲೋಟ ಇಟ್ಟು ಒತ್ತಿದ್ದೇನೆ.

ಪಾತ್ರದ ಒರಟುತನ ಎಷ್ಟು, ಕೇಳುತ್ತದೆ ಮಾಡೆಲ್ಲು.
ಸೊನ್ನೆ ಬಿಂದು ಸೊನ್ನೆ ಮೂರು ಅಂದರೆ ಹಾಸಿದ ಹಾಗೆ ಮರಳು.
ಆ ಮರಳನ್ನು ಟ್ರ್ಯಾಕ್ಟರುಗಳು ಹೊತ್ತು ಎಷ್ಟು ವರ್ಷವಾಯಿತು!
ಈಗ ಇರುವುದು ಗುಂಡಿ, ಬಳ್ಳಾರಿ ಜಾಲಿ,
ಜಾಲಿಗೆ ಸಿಕ್ಕಿಕೊಂಡ ಯಾರದೋ ಸೀರೆ.
ಸೀರೆಯ ಒರಟುತನ ಯಾವ ಕೋಷ್ಟಕದಲ್ಲೂ ಇಲ್ಲ.
ಏಳು ಕೊಟ್ಟು ನೋಡಿದೆ: ಗೇಣುದ್ದ ಮೇಲೆ ಬಂದಳು.
ಎಂಟು ಕೊಟ್ಟೆ:
ಶಾಲೆಯ ಅಂಗಳಕ್ಕೆ ಕಾಲಿಟ್ಟಳು.

ನಿಜವಾಗಿ ಬಂದ ದೊಡ್ಡ ನೆರೆ ಒಂದೇ, ಅಳತೆಯೂ ಒಂದೇ:
ನಾಲ್ಕು ಮೀಟರ್ ಅರವತ್ತು, ರಾತ್ರಿ ಎರಡು ಗಂಟೆ,
ಬರೆದವರು ಗೇಜ್ ರೀಡರ್ ಈರಕ್ಯಾತಪ್ಪ.
ಐನೂರು ನದಿಗಳನ್ನೂ ಅದೊಂದು ಗೂಟಕ್ಕೆ ಕಟ್ಟಿದ್ದೇನೆ.

ಗೂಟ ಗಟ್ಟಿ ಇದೆಯೋ ನೋಡಲು ಪರಶುರಾಂಪುರದಾಚೆ ಅವರ ಮನೆಗೆ ಹೋದೆ.
ನಿವೃತ್ತರು. ಕುರಿಮರಿಗೆ ಸೊಪ್ಪು ಕಟ್ಟುತ್ತಿದ್ದರು.
ಟ್ರಂಕಿನಿಂದ ರಿಜಿಸ್ಟರು ತೆಗೆದರು,
ಜಿರಳೆ ತಿಂದ ಅಂಚು, ನೀಲಿ ಶಾಯಿ,
೪.೬೦ರ ಎಡಕ್ಕೆ ಪುಟ್ಟದಾಗಿ ಒಂದು 'ಸು'.

ಸಹಿಯಾ, ಅಂದೆ.

"ಸುಮಾರು ಕಣವ್ವ.
ಬ್ಯಾಟ್ರಿ ಸತ್ತೋಗಿತ್ತು. ಹಲಗೇನೂ ಕಾಣ್ಲಿಲ್ಲ, ನನ್ ಕೈಯೂ ಕಾಣ್ಲಿಲ್ಲ.
ಸೇತುವೆ ಮ್ಯಾಲೆ ಬೋರಲು ಮಲಗಿ ಕಿವಿ ಕೊಟ್ಟೆ.
ಕಂಬದ ಕುತ್ಗೆಗೆ ಬಡೀತಿತ್ತು ಸದ್ದು.
ಕುತ್ಗೆ ಅಂದ್ರೆ ನಾಕೂವರೆ. ಮ್ಯಾಲೊಂಚೂರು ಇರ್ಲಿ ಅಂತ ಸೇರಿಸ್ದೆ."

ಕಂಪ್ಯೂಟರಿಗೆ ಏರಿಸಿದವರು 'ಸು' ಬಿಟ್ಟರು.
ಅವರದೇನು ತಪ್ಪು,
ಆ ಅಂಕಣಕ್ಕೆ ಅಂಕಿ ಬಿಟ್ಟು ಬೇರೆ ಏನೂ ಗಂಟಲಲ್ಲಿ ಇಳಿಯುವುದಿಲ್ಲ.

"ಒಂದು ಗೆರೆ ಕೊಡಮ್ಮ," ಅಂತ ಸಾಹೇಬರು,
"ಐನೂರು ತಗೊಂಡು ನಾನೇನು ರಂಗೋಲಿ ಹಾಕಲಾ?"
ಕೊಡುತ್ತೇನೆ, ನಾಳೆ. ಅದರ ಎಡಕ್ಕೆ
ನನ್ನದೂ ಒಂದು 'ಸು' ಇರುತ್ತದೆ,
ಅಳಿಸುವವರು ಅಳಿಸಿಕೊಳ್ಳಲಿ.

ಬರುವ ದಾರಿಯಲ್ಲಿ ಅದೇ ಶಾಲೆ.
ಬಿಸಿಯೂಟದ ಗಾದ್ರಮ್ಮ ಕೇಳಿದಳು:
"ಅಕ್ಕಿ ಎಷ್ಟೆತ್ತರಕ್ಕೆ ಇಡಲಿ ಹೇಳ್ರಿ."
ಸುಣ್ಣದ ಕಡ್ಡಿ ಇಸಿದುಕೊಂಡೆ.
ಗೆರೆ ಎಳೆಯಲು ಕೈ ಬರಲಿಲ್ಲ. ಕಡ್ಡಿ ಅಡ್ಡ ಮಲಗಿಸಿ
ಮೊಣಕಾಲಿನಿಂದ ಎದೆಯವರೆಗೆ
ಗೋಡೆಯುದ್ದಕ್ಕೂ ಬಳಿದೆ, ಮಬ್ಬು ಬಿಳಿ.
ಇದರೊಳಗೆ ಎಲ್ಲಾದರೂ, ಅಂದೆ.

ಅವಳಿಗೆ ಅಷ್ಟು ಸಾಕಾಯಿತು.
ಅಕ್ಕಿಯನ್ನು ಬಿಳಿಯ ಮೇಲಿನ ಹಲಗೆಗೆ ಎತ್ತಿದಳು,
ಉಪ್ಪನ್ನು ಅದಕ್ಕೂ ಮೇಲೆ.
"ತಟ್ಟೆ ಕೆಳಗೇ ಇರ್ಲಿ," ಅಂದಳು,
"ಹೆಂಗೂ ತೊಳಿಯೋವೇ ಅಲ್ವಾ."